ನ್ಯೂವಿಂಗ್ಟನ್‌ನ 'ಮಾಜಿ ಯುವತಿ'

ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್. ಅದರ ಮಗ್ಗುಲಲ್ಲೇ ಇರುವ ಪುಟ್ಟ ಊರು ನ್ಯೂವಿಂಗ್ಟನ್. ಪ್ರವಾಸಿಗರು ಮುಗಿಬೀಳುವ ಊರೇನಲ್ಲ. ಆದರೂ ಜಗತ್ತಿನ ನಾನಾ ಮೂಲೆಗಳಿಂದ ಕೆಲವರು ಇದನ್ನೇ ಹುಡುಕಿಕೊಂಡು ಬರುತ್ತಾರೆ. ಅವರೆಲ್ಲ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಗದವರು. ಇಲ್ಲಿನ ಆಂಟೆನಾ ಗೋಪುರಗಳು ಕಣ್ಣಿಗೆ ಬಿದ್ದರೆ ಅವರಿಗೆ ದೇವಸ್ಥಾನದ ಗೋಪುರ ಕಂಡಷ್ಟೇ ಸಂತೋಷ.

ಇದರ ಕಥೆ ಆರಂಭವಾಗುವುದು 1914ರಲ್ಲಿ. ಹಾರ್ಟ್‌ಫರ್ಡ್‌ನ ಎಂಜಿನಿಯರ್ ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರಿಗೆ ಸ್ಪ್ರಿಂಗ್‌ಫೀಲ್ಡ್ ನಗರಕ್ಕೆ ಒಂದು ಸಂದೇಶ ಕಳಿಸಬೇಕಿತ್ತು. ಅವರ ಯಂತ್ರಕ್ಕೆ ಅಷ್ಟು ದೂರದ ಶಕ್ತಿ ಇರಲಿಲ್ಲ. ನಡುವಿನ ವಿಂಡ್ಸರ್ ಲಾಕ್ಸ್ ಊರಿನ ಹವ್ಯಾಸಿಯೊಬ್ಬರು ಅದನ್ನು ಕೈದಾಟಿಸಿದರು. ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಹೋದರೆ ದೇಶವನ್ನೇ ಮುಟ್ಟಬಹುದಲ್ಲ ಎಂದುಕೊಂಡ ಮ್ಯಾಕ್ಸಿಮ್, ಅದೇ ವರ್ಷ ಹವ್ಯಾಸಿಗಳ ಸಂಘ ಕಟ್ಟಿದರು. 1936ರಲ್ಲಿ ಅವರು ತೀರಿಕೊಂಡ ಬಳಿಕ, 1938ರಲ್ಲಿ ನ್ಯೂವಿಂಗ್ಟನ್‌ನಲ್ಲಿ ಅವರ ನೆನಪಿನ ಕೇಂದ್ರ ಎದ್ದಿತು. ಅದರ ಕರೆಸಂಕೇತ ಮ್ಯಾಕ್ಸಿಮ್ ಅವರದೇ: ಡಬ್ಲ್ಯು1ಎಡಬ್ಲ್ಯು. ಪರವಾನಗಿ ಇರುವ ಅತಿಥಿಗಳು ಇಲ್ಲಿ ಕುಳಿತು ಮಾತಾಡಬಹುದು.

ಆ ಮಾತು ಹೊಸಬರಿಗೆ ಒಗಟು. '73' ಎಂದರೆ ಶುಭಾಶಯ. '88' ಎಂದರೆ ಪ್ರೀತಿ, ಮುತ್ತು. ಗಂಡಸು ಯಾವ ವಯಸ್ಸಿನವನಾದರೂ 'ಓ ಎಂ', ಅಂದರೆ 'ಹಳೆಯ ಮನುಷ್ಯ'. ಇದರಲ್ಲಿ ಸಲುಗೆಯೂ ಗೌರವವೂ ಇದೆ. ಮ್ಯಾಕ್ಸಿಮ್ ತಮ್ಮ ಲೇಖನಗಳಿಗೆ ಹಾಕಿಕೊಂಡಿದ್ದೂ ಇದೇ ಹೆಸರು. ಹೆಣ್ಣು ಹ್ಯಾಮ್ ಎಂಬತ್ತರ ಅಜ್ಜಿಯಾದರೂ 'ವೈ ಎಲ್', ಯುವತಿ. ಮದುವೆಯಾದ ಹೆಂಡತಿಯೋ? 'ಎಕ್ಸ್ ವೈ ಎಲ್'. ಅಂದರೆ ಮಾಜಿ ಯುವತಿ!

ಮೊದಲ ಸಲ ಕೇಳಿದವರು ನಗುತ್ತಾರೆ. ನೂರನೆಯ ಸಲ ಕೇಳಿದ ಹೆಂಡತಿಗೆ ನಗು ಬರುವುದು ಕಷ್ಟ. ಗಂಡನ ಬಿರುದು ಸ್ನೇಹದ್ದು, ಅವಳದು ಕಳೆದುಕೊಂಡದ್ದರ ಲೆಕ್ಕ. 'ಮೋರ್ಸ್ ಸಂಕೇತದಲ್ಲಿ ಬೆರಳಿಗೆ ಶ್ರಮ ಉಳಿಸಲು ಮಾತು ಮೊಟಕಾಯಿತು, ಅಷ್ಟೆ' ಎಂಬ ಸಮಜಾಯಿಷಿ ಉಂಟು. ವಿದ್ಯಾರ್ಥಿಗಳು ಇದನ್ನು ತಾವೇ ಎಣಿಸಿ ನೋಡಬಹುದು. ಮೋರ್ಸ್‌ನಲ್ಲಿ ಎಕ್ಸ್, ವೈ, ಎಲ್ ಮೂರಕ್ಕೂ ನಾಲ್ಕು ನಾಲ್ಕು ಚುಕ್ಕಿ-ಗೆರೆ, ಒಟ್ಟು 12. ಹೆಂಡತಿ ಎಂಬರ್ಥದ ಇಂಗ್ಲಿಷಿನ 'ವೈಫ್' ಪದಕ್ಕೆ ಡಬ್ಲ್ಯು 3, ಐ 2, ಎಫ್ 4, ಇ 1. ಒಟ್ಟು 10 ಮಾತ್ರ. ಮೊಟಕು ಎಂದುಕೊಂಡದ್ದೇ ಉದ್ದ! ಉಳಿದದ್ದು ಶ್ರಮವಲ್ಲ, ಸವೆದ ತಮಾಷೆ.

ಹೆಣ್ಣುಮಕ್ಕಳು ಕೈಕಟ್ಟಿ ಕೂರಲಿಲ್ಲ. 1939ರಲ್ಲಿ ಎಥೆಲ್ ಸ್ಮಿತ್ ಎಂಬ ಹ್ಯಾಮ್ ಅಮೆರಿಕದ ಮಹಿಳಾ ಹವ್ಯಾಸಿಗಳ ಸಂಘ ಸ್ಥಾಪಿಸಿದರು. ತಮ್ಮತಮ್ಮೊಳಗಿನ ಶುಭಾಶಯಕ್ಕೆ '33' ಎಂಬ ಬೇರೆಯದೇ ಸಂಖ್ಯೆ ಇಟ್ಟುಕೊಂಡರು.

ಭಾರತದಲ್ಲೂ ಉದಾಹರಣೆಗಳಿವೆ. ರಾಜೀವ್ ಗಾಂಧಿಯವರ ಕರೆಸಂಕೇತ ವಿಯು2ಆರ್‌ಜಿ. ಸೋನಿಯಾ ಗಾಂಧಿಯವರಿಗೆ ಪ್ರತ್ಯೇಕವಾಗಿ ವಿಯು2ಎಸ್‌ಒಎನ್. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್, ದ್ವೀಪಗಳ ಸುದ್ದಿಯನ್ನು ರೇಡಿಯೊದಲ್ಲಿ ಹೊರಜಗತ್ತಿಗೆ ಮುಟ್ಟಿಸಿದರು. ಕಾದು ಕುಳಿತಿದ್ದ ಕುಟುಂಬಗಳಿಗೆ ಬೇಕಿದ್ದುದು ತಮ್ಮವರ ಕ್ಷೇಮ ಸಮಾಚಾರ. ಅದನ್ನು ತಂದವರು ಯುವತಿಯೋ ಮಾಜಿ ಯುವತಿಯೋ ಎಂಬುದು ಯಾರಿಗೆ ಬೇಕಿತ್ತು?

ಹೆಸರು ಹಿಡಿಯದೆ 'ನಮ್ಮನೆಯವಳು' ಎನ್ನುವ ರೂಢಿ ಕನ್ನಡದ ಮನೆಗಳಲ್ಲೂ ಉಂಟು. ಆದರೆ ಅಲ್ಲಿ ಅವಳಿಗೆ ಮನೆಯಾದರೂ ಸಿಗುತ್ತದೆ! ಹೊಸ ಹವ್ಯಾಸ ಕಲಿಯುವ ಮಕ್ಕಳು ಅದರ ಯಂತ್ರಗಳ ಜತೆಗೆ ಹಳೆಯ ಮಾತುಗಳನ್ನೂ ಮನೆಗೆ ತರುತ್ತಾರೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಾಗಿಲಾಚೆ ಬಿಡಬೇಕು ಎಂಬುದನ್ನು ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತು ಯೋಚಿಸಬಹುದು. ಸಂಜೆ ಮೇಜು ತಟ್ಟಿ ಮೋರ್ಸ್ ಅಭ್ಯಾಸ ಮಾಡುವ ಮಗು ಎ, ಎಂ, ಎಂ, ಎ ಎಂದು 'ಅಮ್ಮ'ನನ್ನು ಬರೆದು ನೋಡಲಿ. ಚುಕ್ಕಿ-ಗೆರೆ ಎಂಟೇ ಎಂಟು.