ಮೆಜೆಸ್ಟಿಕ್ ಗದ್ದಲದ ಮಗ್ಗುಲಲ್ಲೊಂದು ಚಾಪೆ

ಗಾಂಧಿನಗರ ಎಂದ ಕೂಡಲೇ ಬೆಂಗಳೂರಿಗರಿಗೆ ನೆನಪಾಗುವುದು ಸಿನಿಮಾ. ವಿತರಕರ ಕಚೇರಿಗಳು, ಲಾಡ್ಜುಗಳು, ಹೋಟೆಲುಗಳು, ಚೀಲ ಹಿಡಿದು ಬಸ್ಸಿಗೆ ಓಡುವ ಜನ. ಅದೇ ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಒಂದು ಗೇಟು ಇದೆ. ಒಳಗೆ ಕಾಲಿಟ್ಟರೆ ಬುದ್ಧಗಯೆಯ ದೇಗುಲವನ್ನು ನೆನಪಿಸುವ ಗೋಪುರ, ಬೋಧಿವೃಕ್ಷ, ಕಾವಿ ಉಟ್ಟ ಪುಟ್ಟ ಹುಡುಗರು. ಇದು ಮಹಾಬೋಧಿ ಸೊಸೈಟಿ. ಇಪ್ಪತ್ತು ವರ್ಷ ಅದರ ಮುಂದೆಯೇ ಓಡಾಡಿದ ನಾನು ಒಮ್ಮೆಯೂ ಒಳಗೆ ಇಣುಕಿರಲಿಲ್ಲ.

ಇಣುಕುವಂತೆ ಮಾಡಿದ್ದು ಮಗನ ಫಲಿತಾಂಶ. ದ್ವಿತೀಯ ಪಿಯುಸಿಯಲ್ಲಿ ಅವನಿಗೆ ಭೌತಶಾಸ್ತ್ರ ಕೈಕೊಟ್ಟಿತ್ತು. ನಾನು ಒಂದು ವಾರ ಬೈದೆ. ಆಮೇಲೆ ಬೈಯುವುದನ್ನು ಬಿಟ್ಟು ಮಾತನ್ನೇ ಬಿಟ್ಟೆ. ಅವನೂ ಬಿಟ್ಟ. ಒಂದೇ ಮನೆಯಲ್ಲಿ ಅಪ್ಪ ಮಗ ಇಬ್ಬರೂ ತಾಯಿಯ ಮೂಲಕ ಮಾತಾಡುವ ಸ್ಥಿತಿ ಬಂತು. ಆಗ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು, ‘ಭಾನುವಾರ ಬೆಳಿಗ್ಗೆ ಇಬ್ಬರೂ ನನ್ನ ಜೊತೆ ಬನ್ನಿ. ಮಾತಾಡದೇ ಇರೋದನ್ನ ಸರಿಯಾಗಿ ಕಲಿಯಬಹುದು’ ಎಂದು ನಕ್ಕರು.

ಹೊರಟೆವು. ಆದರೆ ನನ್ನೊಳಗೆ ಅಳುಕು ಇತ್ತು. ಮತಾಂತರ ಗಿತಾಂತರ ಏನಾದರೂ ಇದ್ದೀತೇ? ಜಾತಿ ಕೇಳಿದರೆ ಏನು ಹೇಳುವುದು? ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ, ಶುಲ್ಕವನ್ನೂ ಕೇಳಲಿಲ್ಲ. ಒಬ್ಬ ಅಜ್ಜಿ ಜರುಗಿ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು, ಅಷ್ಟೇ.

ಅಂದು ನಮ್ಮ ಸಾಲಿನಲ್ಲಿ ಕುಳಿತಿದ್ದವರನ್ನು ಆಮೇಲೆ ಪರಿಚಯ ಮಾಡಿಕೊಂಡೆ. ಆಟೋ ಓಡಿಸುವವರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಲಡಾಖಿನಿಂದ ಓದಲು ಬಂದ ಇಬ್ಬರು ಹುಡುಗಿಯರು, ಮನೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕದಲ್ಲೇ ಬುದ್ಧನ ಪಟ ಇಟ್ಟು ಬೆಳೆದ ಒಂದು ಕುಟುಂಬ, ಹಣೆಯಲ್ಲಿ ವಿಭೂತಿ ಹಚ್ಚಿಕೊಂಡೇ ಬರುವ ನಮ್ಮ ಮೇಷ್ಟ್ರು. ಬೌದ್ಧರೂ ಇದ್ದರು, ಅಲ್ಲದವರೂ ಇದ್ದರು. ವಿಭೂತಿ ಅಳಿಸಿಕೊಂಡು ಬನ್ನಿ ಎಂದು ಮೇಷ್ಟ್ರಿಗೆ ಯಾರೂ ಹೇಳಿಲ್ಲವಂತೆ.

ಈ ತಾಣವನ್ನು ಕಟ್ಟಿದವರು ಆಚಾರ್ಯ ಬುದ್ಧರಕ್ಖಿತ. 1922ರಲ್ಲಿ ಮಣಿಪುರದ ಇಂಫಾಲದಲ್ಲಿ ಹುಟ್ಟಿದವರು. ಭಿಕ್ಷುವಾಗಿ, 1956ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿ ನೆಲೆ ನಿಂತರು. ಆ ವರ್ಷವೇ ವಿಶೇಷವಾದದ್ದು. ಬುದ್ಧನ 2500ನೇ ಜಯಂತಿಯನ್ನು ದೇಶವೆಲ್ಲ ಆಚರಿಸಿತು. ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮಕ್ಕೆ ಸೇರಿದರು. ನವೆಂಬರ್ 1ರಂದು ಕನ್ನಡ ಮಾತಾಡುವ ನಾಡು ಒಂದಾಯಿತು. ಧಮ್ಮಪದವನ್ನು ಇಂಗ್ಲಿಷಿಗೆ ಅನುವಾದಿಸಿದ, ಮೈತ್ರಿ ಧ್ಯಾನದ ಬಗ್ಗೆ ಪುಸ್ತಕ ಬರೆದ ಬುದ್ಧರಕ್ಖಿತರು 2013ರಲ್ಲಿ ತೀರಿಕೊಂಡರು. ಈಶಾನ್ಯ ರಾಜ್ಯಗಳಿಂದ ಬಂದ ಹುಡುಗರು ಇಲ್ಲಿದ್ದುಕೊಂಡು ಪಾಳಿ ಕಲಿಯುತ್ತಾರೆ. ಇಲ್ಲಿ ಕಲಿತು ಹೋದ ಭಿಕ್ಷು ಸಂಘಸೇನ 1986ರಲ್ಲಿ ಲೇಹ್‌ನಲ್ಲಿ ಧ್ಯಾನ ಕೇಂದ್ರ ಕಟ್ಟಿದ್ದಾರೆ.

ಇನ್ನು ಧ್ಯಾನದ ಮಾತು. ಕಣ್ಣು ಮುಚ್ಚಿ, ಮೂಗಿನ ತುದಿಯಲ್ಲಿ ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸಬೇಕು. ಉಸಿರನ್ನು ಬಿಗಿಹಿಡಿಯುವುದಿಲ್ಲ, ಎಳೆಯುವುದಿಲ್ಲ, ಇದ್ದಂತೆ ನೋಡುವುದು. ಕೇಳಲು ಎಷ್ಟು ಸುಲಭ! ಐದು ಉಸಿರು ಎಣಿಸುವಷ್ಟರಲ್ಲಿ ನನ್ನ ಮನಸ್ಸು ಗ್ಯಾಸ್ ಸಿಲಿಂಡರಿಗೆ ಹೋಯಿತು, ಅಲ್ಲಿಂದ ಆಫೀಸಿಗೆ, ಅಲ್ಲಿಂದ ಮಗನ ಅಂಕಪಟ್ಟಿಗೆ. ಕಾಲು ಜೋಮು ಹಿಡಿಯಿತು. ಹೊರಗೆ ಬಸ್ಸಿನ ಹಾರ್ನ್. ‘ಮನಸ್ಸು ಓಡಿಹೋದದ್ದು ಗೊತ್ತಾಯಿತಲ್ಲ, ಅದೇ ಧ್ಯಾನ. ಬೈಯದೇ ವಾಪಸ್ ಕರೆದುಕೊಂಡು ಬನ್ನಿ’ ಎಂದರು ಭಂತೇ. (ಭಿಕ್ಷುಗಳನ್ನು ಹೀಗೆ ಕರೆಯುವುದು ವಾಡಿಕೆ.) ‘ಬೈಯದೇ’ ಎಂಬ ಮಾತು ನನಗೆ ಚುರುಕ್ ಎಂದಿತು.

ಕೊನೆಯಲ್ಲಿ ಮೈತ್ರಿ ಧ್ಯಾನ. ಸುಖವಾಗಿರಲಿ ಎಂದು ಮೊದಲು ತನಗೆ ತಾನೇ ಹಾರೈಸಿಕೊಳ್ಳಬೇಕು. ನಂತರ ಪ್ರೀತಿಪಾತ್ರರಿಗೆ, ನಂತರ ದಾರಿಯಲ್ಲಿ ದಿನವೂ ಕಾಣುವ, ಹೆಸರು ತಿಳಿಯದ ಯಾರಿಗೋ. ಕಟ್ಟಕಡೆಗೆ, ಯಾರ ಮೇಲೆ ನಮಗೆ ಕೋಪವೋ ಅವರಿಗೆ. ಅವರ ಮುಖ ತಂದುಕೊಳ್ಳಿ ಎಂದಾಗ ಆಫೀಸಿನ ಯಾರೋ ಬರಬಹುದೆಂದುಕೊಂಡಿದ್ದೆ. ಬಂದದ್ದು, ಒಂದು ಗೇಣು ದೂರದಲ್ಲಿ ಕುಳಿತ ನನ್ನ ಮಗನ ಮುಖ. ಪ್ರೀತಿಪಾತ್ರರ ಸಾಲಿನಲ್ಲಿ ಬರಬೇಕಾದವನು ಇಲ್ಲಿಗೆ ಬಂದುಬಿಟ್ಟಿದ್ದ! ಕಣ್ಣು ತೆರೆಯಲು ಸ್ವಲ್ಪ ಹೊತ್ತು ಧೈರ್ಯವಾಗಲಿಲ್ಲ.

ಮರಳುವಾಗ ‘ಮಸಾಲೆ ದೋಸೆ ತಿಂತೀಯೇನೋ?’ ಎಂದೆ. ಮೂರು ವಾರದಲ್ಲಿ ನಾನು ಅವನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಂದಿನಿಂದ ಭಾನುವಾರಗಳು ಸಾಗಿದವು. ಹೋಗದ ವಾರಗಳೂ ಇದ್ದವು. ಬಿಟ್ಟು ಹೋದಾಗ ‘ಯಾಕೆ ಬರಲಿಲ್ಲ?’ ಎಂದು ಯಾರೂ ಗದರಲಿಲ್ಲ. ‘ಮೈ ಹುಷಾರಿದೆಯಾ?’ ಎಂದು ಆ ಅಜ್ಜಿ ಕೇಳಿದರು. ನಾವೂ ಇಲ್ಲಿಯವರಾದೆವು ಎಂದು ನನಗೆ ಅನಿಸಿದ್ದು ಆಗಲೇ.

ಒಮ್ಮೆ ಮೇಷ್ಟ್ರು, ‘ಇದೆಲ್ಲ ನಮ್ಮ ನಾಡಿಗೆ ಹೊಸದಲ್ಲ ಸಾರ್. ನಿಮ್ಮ ಮಾವನ ಮನೆ ಚಳ್ಳಕೆರೆ ಕಡೆ ಅಲ್ಲವೇ? ಪಕ್ಕದ ಬ್ರಹ್ಮಗಿರಿ ನೋಡಿದ್ದೀರಾ?’ ಎಂದರು. ನೋಡಿರಲಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಮಗನನ್ನೂ ಕರೆದುಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡಕ್ಕೆ ಹೋದೆ. ಊರವರ ಬಾಯಲ್ಲಿ ಅಕ್ಷರಗುಂಡು ಎನಿಸಿಕೊಂಡ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಸೇರಿಸಿದ್ದಾನೆ.

ಆ ಶಾಸನದಲ್ಲಿ ಚಕ್ರವರ್ತಿ ಹೇಳಿಕೊಳ್ಳುವುದೇನು ಗೊತ್ತೇ? ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿದರೂ ಮೊದಲು ಹೆಚ್ಚೇನೂ ಶ್ರಮ ಪಡಲಿಲ್ಲ, ಸಂಘದ ಬಳಿ ಸಾರಿದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ, ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂದು. ಇದರ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಸಣ್ಣವರಿಗೂ ದಕ್ಕುತ್ತದೆ ಎಂದೂ ಸಾರುತ್ತಾನೆ. ಮುಂದುವರಿದು, ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುತ್ತಾನೆ. ಇದನ್ನೆಲ್ಲ ವಿವರಿಸಿ ನಾನು ಕೊನೆಯ ಮಾತಿಗೆ ಸ್ವಲ್ಪ ಒತ್ತು ಕೊಟ್ಟೆನೆಂದು ತೋರುತ್ತದೆ. ಮಗ ನಕ್ಕು, ‘ಅಪ್ಪಾ, ಅಶೋಕನೇ ಮೊದಲ ವರ್ಷ ಸರಿಯಾಗಿ ಓದಿಲ್ಲ, ನೋಡಿದಿರಾ?’ ಎಂದ. ನಾನೂ ನಕ್ಕುಬಿಟ್ಟೆ.

ಮರುಪರೀಕ್ಷೆಯಲ್ಲಿ ಅವನು ಪಾಸಾದ. ಭಾರಿ ಅಂಕವೇನಲ್ಲ. ಧ್ಯಾನದಿಂದ ಅಂಕ ಹೆಚ್ಚುತ್ತದೆಂದು ನಾನು ಹೇಳಲಾರೆ. ಪೋಷಕರು ಆ ಲೆಕ್ಕ ಹಾಕಿಕೊಂಡು ಮಕ್ಕಳನ್ನು ಎಳೆದುಕೊಂಡು ಹೋಗುವುದೂ ಬೇಡ. ಹೋಗುವುದಾದರೆ ಜೊತೆಯಲ್ಲಿ ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಮೆಜೆಸ್ಟಿಕ್ಕಿನಿಂದ ಕಾಳಿದಾಸ ರಸ್ತೆಗೆ ನಡೆದೇ ತಲುಪಬಹುದು. ಚಪ್ಪಲಿ ಹೊರಗೆ ಬಿಡಬೇಕು. ಹೊರಡುವ ಮುನ್ನ ಸಮಯ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಳೆದ ಭಾನುವಾರ ನಾವು ಹೋದಾಗ ಬಾಗಿಲಲ್ಲೊಬ್ಬ ಹುಡುಗ ತಾಯಿಯ ಸೆರಗಿನ ಹಿಂದೆ ಮುಖ ಸಿಂಡರಿಸಿಕೊಂಡು ನಿಂತಿದ್ದ. ನನ್ನ ಮಗ ಏನೂ ಕೇಳಲಿಲ್ಲ. ಜರುಗಿ, ಚಾಪೆಯಲ್ಲಿ ಅವನಿಗೆ ಜಾಗ ಮಾಡಿಕೊಟ್ಟ.