ಪಿಕಪ್‌ಗೆ ಗಾರ್ಡ್ ಹಾಕಿಸಿದ್ದು

ಹೋದ ತಿಂಗಳು ಹೀರೆ ಚಪ್ಪರಕ್ಕೆ ಹತ್ತಡಿ ಜಿಐ ಪೈಪು ತರ್ತಿದ್ದೆ. ಕುರಿಮಂದೆ ಅಡ್ಡ ಬಂತು, ಬ್ರೇಕ್ ಹೊಡೆದೆ. ಬಾಡಿ ಮುಂಭಾಗಕ್ಕೆ ಒರಗಿಸಿದ್ದ ಪೈಪೊಂದು ಜಾರಿ ಕ್ಯಾಬಿನ್ ಹಿಂದಿನ ಗಾಜು ಒಡೆದು ಒಳಗೆ ಬಂತು. ಪಕ್ಕದಲ್ಲಿ ಮಗ. ಅವನ ಕಿವಿಗೂ ಪೈಪಿಗೂ ನಾಲ್ಕು ಬೆರಳು. ಮನೆವರೆಗೂ ಇಬ್ಬರೂ ಮಾತಾಡಲಿಲ್ಲ.

ಮರುದಿನವೇ ವೆಲ್ಡಿಂಗ್ ಶಾಪಿಗೆ ಹೋದೆ. ಮುಂದಕ್ಕೂ ಒಂದು ಬಂಪರ್ ಗಾರ್ಡ್ ಹಾಕಿಸಿ ಅಂದ್ರು. ಅದರ ಮೇಲೆ ಕ್ರಮ ತಗೊಳ್ಳಿ ಅಂತ 2017ರಲ್ಲೇ ಕೇಂದ್ರದವರು ರಾಜ್ಯಗಳಿಗೆ ಬರೆದಿದ್ದಾರೆ. ಗುದ್ದಿದರೆ ನಡೆದು ಹೋಗೋರಿಗೆ ಪೆಟ್ಟು ಜಾಸ್ತಿ. ಬೇಡ ಅಂದೆ.

ಹಾಕಿಸಿದ್ದು ಇಷ್ಟು. ಕ್ಯಾಬಿನ್ ಹಿಂದೆ, ಅದಕ್ಕಿಂತ ಒಂದು ಗೇಣು ಎತ್ತರಕ್ಕೆ ಚೌಕ ಪೈಪಿನ ಗಾರ್ಡು. ಗಾಜಿನ ನೇರಕ್ಕೆ ದಪ್ಪ ಜಾಲರಿ, ಹಿಂದೆ ಕಾಣಬೇಕಲ್ಲ. ಬುಡ ಬಾಡಿಗೆ ನಟ್ಟು ಬೋಲ್ಟು. ಕ್ಯಾಬಿನ್ನಿಗೆ ಮಾತ್ರ ತಾಗಿಸಬೇಡಿ. ಓಡುವಾಗ ಅದೇ ಬೇರೆ, ಬಾಡಿನೇ ಬೇರೆ ಅಲ್ಲಾಡುತ್ತೆ, ಉಜ್ಜಿ ಉಜ್ಜಿ ಬಣ್ಣ ಹೋಗಿ ತುಕ್ಕು ಹಿಡಿಯುತ್ತೆ. ತಳದಲ್ಲಿ ಆರು ಕೊಕ್ಕೆ, ಬಿಗಿಯೋಕೆ ಎರಡು ರಾಚೆಟ್ ಬೆಲ್ಟು. ಗಾರ್ಡಿನ ತೂಕವೂ ಲೋಡಿನ ಲೆಕ್ಕಕ್ಕೇ ಸೇರುತ್ತೆ, ನೆನಪಿರಲಿ.

ಗಾರ್ಡ್ ಇದೆ ಅಂತ ಮಾಲು ಕಟ್ಟದೆ ಬಿಡಬೇಡಿ. ಗಾರ್ಡಿಗೆ ಒತ್ತಿ ಜೋಡಿಸಿ, ಸಂದು ಬಿಟ್ಟರೆ ವೇಗ ತಗೊಂಡು ಬಂದು ಗುದ್ದುತ್ತೆ.

ಆವತ್ತು ಹಗ್ಗ ಸೀಟಿನ ಕೆಳಗೇ ಇತ್ತು. ಆರೇ ಕಿಲೋಮೀಟರ್ ಅಲ್ವಾ ಅಂತ ನಾನೇ ಕಟ್ಟಿರಲಿಲ್ಲ.