ಚುಂಚಿ ಜಲಪಾತಕ್ಕೆ ನಾವಿಬ್ಬರೇ

ನಮ್ಮ ಮನೆಯಲ್ಲಿ ಪ್ರವಾಸ ಎಂದರೆ ಧರ್ಮಸ್ಥಳ, ತಿರುಪತಿ, ಇಲ್ಲವೇ ಯಾರದಾದರೂ ಮದುವೆ. ಕಾಡಿನಲ್ಲಿ ಬಂಡೆ ಹತ್ತಿಳಿದು ಜಲಪಾತ ನೋಡುವುದು ಕಾಲೇಜು ಹುಡುಗರ ಕೆಲಸ ಎಂದೇ ನಲವತ್ತಾರು ವರ್ಷ ತಿಳಿದಿದ್ದೆ. ಕಳೆದ ನವೆಂಬರಿನ ಒಂದು ಭಾನುವಾರ ಆ ಕೆಲಸವೂ ನನ್ನ ಪಾಲಿಗೆ ಬಂತು. ಅದೂ ಯಾರ ಜೊತೆ ಅಂತೀರಿ? ನನ್ನ ಓರಗಿತ್ತಿಯ ಜೊತೆ!

ನಮ್ಮದು ಬನಶಂಕರಿ ಎರಡನೇ ಹಂತದಲ್ಲಿ ಮಾವನವರು ಕಟ್ಟಿಸಿದ ಮನೆ. ಕೆಳಗೆ ಭಾವನವರು, ಅಕ್ಕ, ಮೇಲೆ ನಾವು. ನೆಲದ ಸಂಪು ಅವರ ಬಾಗಿಲಲ್ಲಿ, ಟ್ಯಾಂಕು ನಮ್ಮ ತಲೆಯ ಮೇಲೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ಬಾಯಿ ಬಿಟ್ಟದ್ದು ನೀವೂ ಕೇಳಿರುತ್ತೀರಿ. ಆಗ ಒಂದು ದಿನ ಮೋಟರ್ ಆಫ್ ಮಾಡುವುದು ಮರೆತು, ದುಡ್ಡು ಕೊಟ್ಟು ಹಾಕಿಸಿದ ಟ್ಯಾಂಕರ್ ನೀರು ಮುಕ್ಕಾಲು ಗಂಟೆ ಬೀದಿಗೆ ಹರಿಯಿತು. "ಮೇಲಿನವರಿಗೆ ನೀರಿನ ಬೆಲೆ ಗೊತ್ತಿಲ್ಲ" ಎಂದರು ಅಕ್ಕ. "ನಾನು ಸ್ವಿಚ್ ಮುಟ್ಟೇ ಇಲ್ಲ" ಎಂದೆ ನಾನು. ಅಲ್ಲಿಂದ ಮಾತು ಅಷ್ಟಕ್ಕಷ್ಟೆ. ಹಬ್ಬಕ್ಕೆ ಒಬ್ಬಟ್ಟಿನ ಡಬ್ಬಿ ಮೇಲೆ ಬರುತ್ತಿತ್ತು, ಕಡುಬಿನ ಡಬ್ಬಿ ಕೆಳಗೆ ಹೋಗುತ್ತಿತ್ತು, ಅಷ್ಟೇ.

ನಮ್ಮ ಅತ್ತೆಯವರ ತೌರು ಸಾತನೂರಿನ ಕಡೆ. "ಸೊಸೆಯರಿಬ್ಬರನ್ನೂ ಒಂದು ಸಲ ಚುಂಚಿಗೆ ಕರಕೊಂಡು ಹೋಗ್ತೀನಿ" ಎನ್ನುತ್ತಲೇ ಅವರು ತೀರಿಕೊಂಡರು. ಆ ಮಾತು ನಡೆಸಬೇಕೆಂದು ಅಣ್ಣ ತಮ್ಮ ಇಬ್ಬರೂ ನಿಶ್ಚಯಿಸಿದರು. ಹೊರಡುವ ದಿನ ಬೆಳಗ್ಗೆ ಭಾವನವರಿಗೆ ಬೆನ್ನು ಹಿಡಿಯಿತು, ನಮ್ಮವರಿಗೆ ಆಫೀಸಿನಿಂದ ಕರೆ ಬಂತು. ನಾನು ಒಳಗೊಳಗೇ ಖುಷಿಪಟ್ಟೆ. ಆದರೆ ಅಕ್ಕ, "ಕಟ್ಟಿದ ಬುತ್ತಿ ಬಿಚ್ಚಬಾರದು. ನಡಿ, ನಾವಿಬ್ಬರೇ ಹೋಗಿ ಬರೋಣ" ಎಂದುಬಿಟ್ಟರು!

ಬನಶಂಕರಿಯಲ್ಲಿ ಕನಕಪುರದ ಬಸ್ಸು ಹತ್ತಿದೆವು. ಮಾತಿಲ್ಲದ ಮೇಲೆ ಕಿಟಕಿಯೇ ಗತಿ. ತಾತಗುಣಿ, ಹಾರೋಹಳ್ಳಿ ದಾಟಿದೆವು. ಈ ಎರಡೂ ಊರುಗಳಲ್ಲಿ ಕಾವೇರಿ ನೀರಿನ ಪಂಪಿಂಗ್ ಕೇಂದ್ರಗಳಿವೆ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರನ್ನು ಮೂರು ಕಡೆ ಪಂಪು ಮಾಡಿ, ಸುಮಾರು 500 ಮೀಟರ್ ಮೇಲಕ್ಕೆತ್ತಿ, 100 ಕಿಲೋಮೀಟರ್ ದೂರದ ನಮ್ಮ ನಲ್ಲಿಗೆ ತರುತ್ತಾರೆ. 1974ರಲ್ಲಿ ಮೊದಲನೇ ಹಂತ ಬಂತು. 2024ರ ಅಕ್ಟೋಬರಿನಲ್ಲಿ ಐದನೇ ಹಂತ. ಇಷ್ಟು ಬೆಟ್ಟ ಹತ್ತಿ ಬರುವ ನೀರಿಗಾಗಿ ನಾವು ಜಗಳವಾಡಿದ್ದೆವು.

ಕನಕಪುರದಲ್ಲಿ ಇಳಿದು ಸಾತನೂರಿಗೆ ಬೇರೆ ಬಸ್ಸು ಹಿಡಿದೆವು. ಅಲ್ಲಿಂದ ಆಟೋ. ಹೋಗುವುದು, ಕಾಯುವುದು, ಬರುವುದು ಎಲ್ಲಕ್ಕೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿದ್ದು ಅಕ್ಕನ ಜಾಣತನ. ದಾರಿಯ ಎರಡೂ ಕಡೆ ರಾಗಿ ಕೊಯ್ಲು ನಡೆದಿತ್ತು. ಬರಬರುತ್ತ ಹೊಲ ಕಡಿಮೆಯಾಗಿ ಕುರುಚಲು ಕಾಡು ಹೆಚ್ಚಾಯಿತು.

ಆಟೋ ನಿಂತ ಮೇಲೆ ನಡಿಗೆ. ದಾರಿ ಎಂದರೆ ದಾರಿಯಲ್ಲ, ಬಂಡೆಯ ಮೇಲೆ ಬಂಡೆ. ಕೆಲವು ಕಡೆ ಕೂತು ಜಾರಬೇಕು, ಕೆಲವು ಕಡೆ ಕೈಯೂರಿ ಇಳಿಯಬೇಕು. ಅಕ್ಕ ಮಗನ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದರು. ನಾನು "ಈ ವಯಸ್ಸಿನಲ್ಲಿ ಸೀರೆಗೆ ಶೂ!" ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ನನ್ನದು ಹೊಸ ಚಪ್ಪಲಿ. ಬಿಸಿಲು ನೆತ್ತಿಗೇರುವ ಮೊದಲೇ ನನ್ನ ನೀರಿನ ಬಾಟಲಿ ಖಾಲಿಯಾಯಿತು.

ಕಡೆಗೂ ಜಲಪಾತ ಕಂಡಿತು. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಬಂಡೆಗಳ ನಡುವೆ ಸೀಳಿ ಸೀಳಿ ಕಂದರಕ್ಕೆ ಧುಮುಕುತ್ತಾಳೆ. ಇನ್ನು ಸ್ವಲ್ಪ ದೂರದಲ್ಲಿ ಸಂಗಮ, ಅಲ್ಲಿ ಕಾವೇರಿಗೆ ಸೇರುತ್ತಾಳೆ. ಆ ಮೊರೆತ ಕೇಳಿ ಕಾಲಿನ ನೋವೇ ಮರೆಯಿತು. ಅಕ್ಕ ಕೈಮುಗಿದು, "ಅತ್ತೆ, ಬಂದ್ವಿ ನೋಡಿ" ಎಂದರು. ನನಗೆ ಗಂಟಲು ಕಟ್ಟಿತು.

ಹತ್ತಿರ ಹೋದಾಗ ಮಾತ್ರ ಮನಸ್ಸು ಮುದುಡಿತು. ಬಂಡೆಯ ಸಂದಿಯಲ್ಲಿ ಸೋಪಿನ ನೊರೆಯಂಥ ನೊರೆ, ಮೂಗಿಗೆ ಬಚ್ಚಲ ವಾಸನೆ. ಒಂದು ಕಾಲದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟವಳು ಇದೇ ಅರ್ಕಾವತಿ: ಮೊದಲು ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ. ಈಗ ನಾವು ಅವಳಿಗೆ ಹಿಂತಿರುಗಿ ಕೊಡುವುದು ಇದು. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ ವೃಷಭಾವತಿ, ನಮ್ಮ ಕಡೆಯ ಬಚ್ಚಲು, ಕಾರ್ಖಾನೆಗಳ ಕೊಳೆಯನ್ನೆಲ್ಲ ಹೊತ್ತು ಬೈರಮಂಗಲದ ಕೆರೆ ದಾಟಿ ಅರ್ಕಾವತಿಗೆ ಬಂದು ಸೇರುತ್ತಾಳೆ. "ನಾವು ಒಗೆದ ಬಟ್ಟೆ ನೀರು ನಮಗಿಂತ ಮೊದಲೇ ಇಲ್ಲಿಗೆ ಬಂದಿದೆ ಕಣೇ" ಎಂದರು ಅಕ್ಕ. ನಗುವ ಮಾತಾದರೂ ಇಬ್ಬರಿಗೂ ನಗು ಬರಲಿಲ್ಲ.

ನೀರಿಗೆ ಇಳಿಯದೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನನ್ನ ಪುಳಿಯೋಗರೆ, ಅಕ್ಕನ ಮೊಸರನ್ನ. ಅನ್ನಕ್ಕೆ ಬೆಚ್ಚಗಿನ ಹಾಲು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಕಲೆಸಿದ್ದರಂತೆ. ಮಧ್ಯಾಹ್ನಕ್ಕೆ ಹದವಾಗಿತ್ತು, ಒಂದಿಷ್ಟೂ ಹುಳಿಯಿಲ್ಲ.

ಹತ್ತುವಾಗ ಆಯಿತು ನೋಡಿ ಫಜೀತಿ. ಚಪ್ಪಲಿ ಜಾರಿ, ಪಾದ ಎರಡು ಬಂಡೆಗಳ ನಡುವೆ ಸಿಕ್ಕಿ ಉಳುಕಿತು. ಕಣ್ಣು ಕತ್ತಲೆ ಬಂತು. ಸುತ್ತ ನರಪಿಳ್ಳೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಆನೆ ಓಡಾಡುವ ಕಾಡು. ಅಕ್ಕ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಪಾದಕ್ಕೆ ಬಿಗಿದರು. ತಮ್ಮ ಬಾಟಲಿಯಲ್ಲಿದ್ದ ನಾಲ್ಕು ಗುಟುಕು ನೀರನ್ನು ನನ್ನ ಬಾಯಿಗೆ ಹಿಡಿದರು. "ನಿಮಗೆ?" ಎಂದೆ. "ನೀನು ಕುಡಿ ಸುಮ್ನೆ" ಎಂದರು. ಅವರ ತುಟಿ ಒಣಗಿ ಬಿರಿದಿತ್ತು.

ಆ ನೀರು ಗಂಟಲಲ್ಲಿ ಇಳಿಯಲಿಲ್ಲ. "ಅಕ್ಕಾ, ಅವತ್ತು ಮೋಟರ್ ಹಾಕಿದ್ದು ನಾನೇ. ಫೋನಿನಲ್ಲಿ ಮಾತಾಡ್ತಾ ಮರೆತುಬಿಟ್ಟೆ" ಎಂದೆ.

"ಗೊತ್ತಿತ್ತು ಬಿಡು. ಸ್ವಿಚ್ಚಿನ ಮೇಲೆ ಅರಿಶಿನದ ಬೆರಳಿನ ಗುರುತಿತ್ತು. ನಮ್ಮನೇಲಿ ಅವತ್ತು ಒಗ್ಗರಣೆನೇ ಇರಲಿಲ್ಲ."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಸ್ವಿಚ್ ಒರೆಸ್ತಿದ್ದೆ, ಒಪ್ಕೋತಿರಲಿಲ್ಲ" ಎಂದರು. ನಾನು ಅಳುತ್ತಲೇ ನಕ್ಕುಬಿಟ್ಟೆ.

ನನ್ನ ಹೊಸ ಚಪ್ಪಲಿ ಚೀಲ ಸೇರಿತು. ಅಕ್ಕ ತಮ್ಮ ಶೂ ನನಗೆ ತೊಡಿಸಿ ತಾವು ಬರಿಗಾಲಲ್ಲಿ, ನನ್ನ ತೋಳು ಹೆಗಲ ಮೇಲೆ ಹಾಕಿಕೊಂಡು ನಡೆಸಿದರು. ಒಂದು ಬಂಡೆ, ಒಂದು ನಿಟ್ಟುಸಿರು. ಆಟೋ ಕಂಡಾಗ ಸೂರ್ಯ ಓರೆಯಾಗಿದ್ದ.

ನೀವೂ ಹೋಗುವುದಾದರೆ ಕೆಲವು ಮಾತು. ಕಾಲಿಗೆ ಹಿಡಿತವಿರುವ ಶೂ ಇರಲಿ, ನಾಚಿಕೆ ಬೇಡ. ತಲೆಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯಿರಿ. ಹೊಳೆಯ ನೀರು ಕುಡಿಯಬೇಡಿ. ಮಡುವಿಗೆ ಇಳಿಯಲೇಬೇಡಿ. ಬಂಡೆ ಪಾಚಿಗಟ್ಟಿ ಜಾರುತ್ತದೆ, ಅಲ್ಲಿ ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ನಮ್ಮ ಹಾಗೆ ಇಬ್ಬರೇ ಹೋಗಬೇಡಿ. ನಾಲ್ಕಾರು ಜನ, ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ. ಮೂರು ಗಂಟೆಗೆಲ್ಲ ಹಿಂದಿರುಗಿ.

ಕಾಲು ವಾಸಿಯಾಗಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಸಾರಿನ ಪಾತ್ರೆ ಕೆಳಗಿನಿಂದ ಮೇಲೆ ಬಂತು. ಈಗ ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಇಬ್ಬರೂ ಬಚ್ಚಲಿಗೆ ಬಿಡದೆ ಅಂಗಳ ತೊಳೆಯಲು ಹಿಡಿದಿಡುತ್ತೇವೆ. ಮೋಟರ್ ಹಾಕಿದವರು "ಹಾಕಿದೀನೀ" ಎಂದು ಕೂಗಬೇಕು ಎಂಬುದು ಮನೆಯ ಹೊಸ ಕಟ್ಟಳೆ. ಬೀದಿಯವರಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ ಬಿಡಿ!